ನಲವತ್ತರ ನಂತರ ಉಳಿತಾಯದ ಗೇರ್ ಬದಲಿಸುವುದು ಹೇಗೆ

ನಿವೃತ್ತಿಗೆ ಎಷ್ಟು ದುಡ್ಡು ಬೇಕು ಅಂತ ಕೇಳಿದರೆ ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು "ಆದಷ್ಟು ಜಾಸ್ತಿ" ಅನ್ನುತ್ತಾರೆ. ಹೀಗಂದರೆ ಎಷ್ಟು ಕೂಡಿಟ್ಟರೂ ಸಾಲುವುದಿಲ್ಲ. ಆದ್ದರಿಂದ ಮೊದಲು ಒಂದು ಅಂಕಿ ಹಿಡಿಯಿರಿ.

ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಖರ್ಚು ಕೂಡಿಸಿ. ನಿವೃತ್ತಿ ಹೊತ್ತಿಗೆ ತೀರುವ ಸಾಲದ ಕಂತು ಬಿಟ್ಟುಬಿಡಿ, ಔಷಧಿ–ಆಸ್ಪತ್ರೆಗೆ ಒಂದಿಷ್ಟು ಸೇರಿಸಿ. ಪಿಂಚಣಿ ಬರುವುದಾದರೆ ಅದನ್ನು ಕಳೆಯಿರಿ. ಉಳಿದದ್ದನ್ನು 25ರಿಂದ ಗುಣಿಸಿ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಮಾಡಿದ ಲೆಕ್ಕದಿಂದ ಬಂದ ಸೂತ್ರ ಇದು. ಮೊದಲ ವರ್ಷ ಗಂಟಿನ ಶೇ. 4ರಷ್ಟು, ಅಂದರೆ ಇಪ್ಪತ್ತೈದರಲ್ಲಿ ಒಂದು ಪಾಲು ತೆಗೆದು, ಆಮೇಲೆ ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸುತ್ತಾ ಹೋದರೂ ದುಡ್ಡು 30 ವರ್ಷ ಬಾಳಿಕೆ ಬರುತ್ತದೆ ಅಂತ ಅವರು ತೋರಿಸಿದರು. ಅದು ಅಲ್ಲಿನ ಷೇರು, ಬಾಂಡ್‌ಗಳ ಹಳೆಯ ಲೆಕ್ಕ. ಬೇಗ ಕೆಲಸ ಬಿಡುವವರು, ಬೆಲೆ ಜೋರಾಗಿ ಏರುವ ಕಡೆ ಇರುವವರು 30 ಪಟ್ಟು ಇಟ್ಟುಕೊಳ್ಳುವುದು ಒಳ್ಳೆಯದು. ನಾನು 30ನ್ನೇ ಹಿಡಿದಿದ್ದೇನೆ.

ಈಗ ಇನ್ನೊಂದು ಲೆಕ್ಕ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಅಂತ ಹೆಚ್ಚೂ ಕಡಿಮೆ ಗೊತ್ತಾಗುತ್ತದೆ. ಶೇ. 8 ಇದ್ದರೆ 9 ವರ್ಷ. 25ನೇ ವಯಸ್ಸಲ್ಲಿ ಇಟ್ಟ ಹಣ 61ಕ್ಕೆ 16 ಪಟ್ಟು. 43ರಲ್ಲಿ ಇಟ್ಟದ್ದು ಬರೀ 4 ಪಟ್ಟು, 52ರದ್ದು 2 ಪಟ್ಟು. ಬೆಲೆ ಏರಿಕೆ ಇದರಲ್ಲಿ ಒಂದು ಪಾಲು ತಿನ್ನುತ್ತದೆ, ನಿಜ. ಆದರೂ ಚಿಕ್ಕ ವಯಸ್ಸಲ್ಲಿ ಬಿಗಿಯಾಗಿ ಉಳಿಸಿದವರು ನಲವತ್ತು ದಾಟಿದ ಮೇಲೆ ಕೈ ಸ್ವಲ್ಪ ಸಡಿಲ ಮಾಡಬಹುದು. ಈಗ ಇರುವ ಗಂಟು ಹೊಸ ಉಳಿತಾಯ ಇಲ್ಲದೆಯೇ ನಿಮ್ಮ ಅಂಕಿ ಮುಟ್ಟುತ್ತದಾ ನೋಡಿ. ಇದಕ್ಕೆ ಬಡ್ಡಿ ದರದಿಂದ ಬೆಲೆ ಏರಿಕೆ ಕಳೆದು ಉಳಿದ ದರವನ್ನೇ ಬಳಸಿ. ಮುಟ್ಟುವ ಹಾಗಿದ್ದರೆ ಸಂಬಳ ಇವತ್ತಿನ ಖರ್ಚಿಗೆ ಸಾಕಾದರೆ ಸಾಕು. ಗಂಟು ಇನ್ನೂ ಚಿಕ್ಕದಿದ್ದರೆ ಈ ಸಡಿಲಿಕೆ ನಿಮಗಲ್ಲ, ಸುಮ್ನೆ ಉಳಿಸುತ್ತಾ ಹೋಗಿ.

ಸಡಿಲ ಮಾಡಿದ ಹಣ ಎಲ್ಲಿಗೆ ಹೋಗಬೇಕು? ನಾನೂ ನನ್ನ ಹೆಂಡತಿಯೂ ಒಂದು ಹಾಳೆಯಲ್ಲಿ ಎರಡು ಸಾಲು ಎಳೆದು ಆಸೆಗಳನ್ನೆಲ್ಲ ಬರೆದೆವು. ಒಂದು ಕಡೆ "ಕಾಯುತ್ತದೆ", ಇನ್ನೊಂದು ಕಡೆ "ಕಾಯೋದಿಲ್ಲ". ಓದುವುದು, ಗಿಡ ಬೆಳೆಸುವುದು, ನಿಧಾನದ ರೈಲು ಪ್ರಯಾಣ ಮೊದಲನೆಯದಕ್ಕೆ ಹೋದವು. ಎತ್ತರದ ಬೆಟ್ಟದ ಚಾರಣ ಎರಡನೆಯದಕ್ಕೆ. ಹತ್ತುವಾಗ ಉಸಿರು ಸಾಕಾದರೆ ಆಯ್ತು, ಇಳಿಯುವಾಗ ಪೂರ್ತಿ ಭಾರ ಮಂಡಿಯ ಮೇಲೆ ಬೀಳುತ್ತದೆ. ನನ್ನ ಎಡ ಮಂಡಿ ಈಗಲೇ ಮೆಟ್ಟಿಲಲ್ಲಿ ಮಾತಾಡುತ್ತದೆ. ಮಗಳ ಜೊತೆ ಸೈಕಲ್ ಪ್ರವಾಸವನ್ನೂ ಅಲ್ಲೇ ಬರೆದೆವು. ಅವಳಿಗೆ ಹನ್ನೊಂದು. ಹದಿನಾರಾದಾಗ ಅಪ್ಪನ ಜೊತೆ ಬರ್ತಾಳೆ ಅನ್ನೋ ಭ್ರಮೆ ನನಗಿಲ್ಲ. ನನ್ನ ಅಮ್ಮ ನಡೆಯಬಲ್ಲ ದಿನಗಳಲ್ಲಿ ಅವಳನ್ನು ಅವಳ ಅಕ್ಕನ ಊರಿಗೆ ಕರೆದೊಯ್ಯುವುದೂ ಅಲ್ಲೇ ಇದೆ.

ಎರಡನೇ ಸಾಲಿನ ಪ್ರತಿಯೊಂದಕ್ಕೂ ಒಂದು ವರ್ಷ, ಒಂದು ಮೊತ್ತ ಬರೆಯಿರಿ. ಮೊತ್ತವನ್ನು ತಿಂಗಳುಗಳಿಗೆ ಹಂಚಿ, ಸಂಬಳ ಬಂದ ದಿನವೇ ಬೇರೆ ಖಾತೆಗೆ ತಾನಾಗಿ ಹೋಗುವಂತೆ ಮಾಡಿ. ಈ ಖಾತೆಯ ಹಣವನ್ನು ಷೇರಿಗೆ ಹಾಕಬೇಡಿ. ಎರಡು ವರ್ಷದಲ್ಲಿ ಬೇಕಾದ ದುಡ್ಡು, ಮಾರುಕಟ್ಟೆ ಬಿದ್ದ ವಾರವೇ ಬೇಕಾದರೆ ಕಷ್ಟ ಅಲ್ವಾ?

ರಜೆಯನ್ನೂ ವರ್ಷದ ಮೊದಲ ವಾರದಲ್ಲೇ ಹಾಕಿಬಿಡಿ. "ಕೆಲಸ ಕಡಿಮೆ ಆದಾಗ ಹೋಗೋಣ" ಅಂದರೆ ಹೋದಹಾಗೆಯೇ! ಸಂಬಳ ಹೆಚ್ಚಿಸುವ ಮಾತು ಬಂದಾಗ, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ ಅಂತ, ಹಣದ ಬದಲು ವಾರಕ್ಕೆ ಒಂದು ಬಿಡುವಿನ ದಿನ ಕೇಳುವುದೂ ಒಂದು ದಾರಿ. ಕೇಳುವ ಮುಂಚೆ ಮೂರು ತಿಂಗಳು ಆ ಕಡಿಮೆ ಸಂಬಳದಲ್ಲೇ ಮನೆ ನಡೆಸಿ ನೋಡಿ. ಒಪ್ಪದಿದ್ದರೂ ನಷ್ಟವೇನಿಲ್ಲ, ಆ ಮೂರು ತಿಂಗಳ ಉಳಿಕೆಯಲ್ಲಿ ಒಂದು ಸೈಕಲ್ಲಾದರೂ ಬರುತ್ತದೆ.