ಮೈಲ್ಡ್ ಹಿಮೋಫಿಲಿಯಾ ಇದ್ದು ಮಂಡಿಗೆ ಪೆಟ್ಟಾದರೆ
ಹಿಮೋಫಿಲಿಯಾ ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಮಟ್ಟ ಶೇ. 5ರಿಂದ 40ರೊಳಗೆ ಇರುವವರಿಗೆ, ಅಂದರೆ ಮೈಲ್ಡ್ ಇರುವವರಿಗೆ, ಕೀಲಿನೊಳಗೆ ತಾನಾಗಿ ರಕ್ತ ಸೋರುವುದು ಅಪರೂಪ, ಆದರೆ ಬಿದ್ದಾಗ, ಪೆಟ್ಟಾದಾಗ ಸೋರಬಹುದು, ಅದನ್ನು ಸುಮ್ನೆ ಉಳುಕು ಅಂದುಕೊಳ್ಳುವವರೇ ಜಾಸ್ತಿ. ಕೀಲಿನಲ್ಲಿ ಜುಮುಜುಮು, ಬಿಗಿತ, ಬಿಸಿ ಅನ್ನಿಸಿದರೆ ಊತ ಬರಲಿ ಅಂತ ಕಾಯಬೇಡಿ. ನಿಮ್ಮ ಹಿಮೋಫಿಲಿಯಾ ಡಾಕ್ಟರಿಗೆ ಫೋನ್ ಮಾಡಿ. ಫ್ಯಾಕ್ಟರ್ ಇಂಜೆಕ್ಷನ್ ಬೇಕಾ, ಹಿಮೋಫಿಲಿಯಾ ಎ (ಫ್ಯಾಕ್ಟರ್ 8 ಕಡಿಮೆ ಇರುವ ಬಗೆ) ಆದರೆ ಡೆಸ್ಮೋಪ್ರೆಸಿನ್ ಅನ್ನೋ, ಫ್ಯಾಕ್ಟರ್ 8 ಮಟ್ಟ ಏರಿಸುವ ಔಷಧಿ ಸಾಕಾ ಅಂತ ಅವರೇ ಹೇಳಬೇಕು. ಹಿಮೋಫಿಲಿಯಾ ಬಿ (ಫ್ಯಾಕ್ಟರ್ 9 ಕಡಿಮೆ ಇರುವ ಬಗೆ) ಇರುವವರಿಗೆ ಡೆಸ್ಮೋಪ್ರೆಸಿನ್ ಕೆಲಸ ಮಾಡುವುದಿಲ್ಲ. ಅಷ್ಟರಲ್ಲಿ ಕಾಲು ಊರಬೇಡಿ, ದಿಂಬಿನ ಮೇಲೆ ಎತ್ತಿಡಿ, ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ಅಜ್ಜಿ ಎಣ್ಣೆ ಹಚ್ಚಿ ನೀವಲು ಬಂದರೆ ಬೇಡ ಅನ್ನಿ, ಬಿಸಿ ಶಾಖವೂ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡಿ, ಸೊಂಟಕ್ಕೆ ಚುಚ್ಚುವ ನೋವಿನ ಇಂಜೆಕ್ಷನ್ ಕೂಡ.