ಹಿಡ್ಲುಮನೆಯ ಅಬ್ಬಿ, ಬಚ್ಚಲೊಲೆಯ ಬೂದಿ

ಬಸವನಗುಡಿಯ ಒಂದು ಮನೆಯ ಮೆಟ್ಟಿಲ ಪಕ್ಕದ ಗೋಡೆಗೆ ಸೆರಾಮಿಕ್‌ನಲ್ಲಿ ಒಂದು ಜಲಪಾತವನ್ನು ಮಾಡಿಕೊಡಲು ಒಪ್ಪಿಕೊಂಡಾಗ ಅದು ಒಂದೂವರೆ ತಿಂಗಳ ಕೆಲಸವೆಂದು ನಾನು ಲೆಕ್ಕ ಹಾಕಿದ್ದೆ. ಹಿಡಿದದ್ದು ಏಳು ತಿಂಗಳು. ಗೋಡೆಯ ಮೇಲೆ ಸಿಕ್ಕಿದ್ದ ಜಾಗ ನಾಲ್ಕು ಅಡಿ ಎತ್ತರ, ಒಂದೂವರೆ ಅಡಿ ಅಗಲ. ಮನೆಯವರು ಹಾಕಿದ ಷರತ್ತು ಒಂದೇ, ಹೋಟೆಲಿನ ಸ್ವಾಗತಕೋಣೆಯಲ್ಲಿ ಇರುವಂಥದ್ದು ಮಾತ್ರ ಬೇಡ ಎಂಬುದು. ಆ ಮಾತಿಗೆ ನಾನೂ ನಕ್ಕಿದ್ದೆ. ಮೊದಲ ಸಲ ನಾನು ಮಾಡಿದ್ದು ಸರಿಯಾಗಿ ಅಂಥದ್ದನ್ನೇ ಎಂಬುದು ಆಮೇಲೆ ತಿಳಿಯಿತು.

ಕೊಡಚಾದ್ರಿಗೆ ಹತ್ತುವ ದಾರಿಗಳಲ್ಲಿ ಹಿಡ್ಲುಮನೆ ಜಲಪಾತವನ್ನು ಹಾದುಹೋಗುವ ಕಾಲುದಾರಿಯೂ ಒಂದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆಂಗಳೂರಿನಿಂದ ರಾತ್ರಿಯ ಬಸ್ಸು ಹತ್ತಿ, ಹೊಸನಗರ, ನಗರಗಳನ್ನು ದಾಟಿ ಬೆಳಿಗ್ಗೆ ನಿಟ್ಟೂರಿನಲ್ಲಿ ಇಳಿದೆವು. ಅಕ್ಟೋಬರ್ ಕೊನೆಯ ವಾರ. ಮಳೆ ಹಿಂದೆಗೆದಿದ್ದರೂ ನೆಲ ಇನ್ನೂ ಒದ್ದೆಯಾಗಿತ್ತು, ಇಂಬಳಗಳ ಕಾಟ ಮುಗಿದಿರಲಿಲ್ಲ. ಹಿಡ್ಲುಮನೆಯ ವಿಶೇಷವೆಂದರೆ ಅದು ಜೋಗದ ಹಾಗೆ ಒಂದೇ ಏಟಿಗೆ 253 ಮೀಟರ್ ಕೆಳಗೆ ಧುಮುಕುವ ಜಲಪಾತವಲ್ಲ. ಕಾಡಿನೊಳಗೆ ಹಂತಹಂತವಾಗಿ ಇಳಿಯುವ ನೀರಿನ ಮಗ್ಗುಲಲ್ಲೇ ಬಂಡೆಗಳನ್ನು ಹಿಡಿದು ಹತ್ತಬೇಕು, ಹಾಗಾಗಿ ನೀರನ್ನು ದೂರದ ನೋಟಕಟ್ಟೆಯಿಂದ ನೋಡುವ ಬದಲು ಮೊಣಕೈ ಅಂತರದಲ್ಲಿ ನೋಡುವ ಅವಕಾಶವಿದೆ. ಆ ಅವಕಾಶವನ್ನು ನಾನು ಬಳಸಿಕೊಳ್ಳಲಿಲ್ಲ. ಮೊಬೈಲನ್ನು ಕಲ್ಲಿಗೆ ಒರಗಿಸಿಟ್ಟು, ಶಟರ್ ನಿಧಾನ ಮಾಡಿ, ನೀರೆಲ್ಲ ರೇಷ್ಮೆಯಂತೆ ಕಾಣುವ ಇನ್ನೂರು ಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗಿದೆ.

ಆ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಜೇಡಿಮಣ್ಣಿನ ಹಾಳೆಯ ಮೇಲೆ ಉದ್ದುದ್ದ ಗೆರೆ ಎಳೆದು, ಬಿಳಿ ಗ್ಲೇಜ್, ಅಂದರೆ ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ ಬಳಿದು, ಅಂಚುಗಳಿಗೆ ಒಂದಿಷ್ಟು ಕೋಬಾಲ್ಟ್ ನೀಲಿ ಕೊಟ್ಟು ಸುಟ್ಟಾಗ ಹೊರಬಂದದ್ದು ಮದುವೆ ಮಂಟಪದ ಪರದೆ. ಬಿರುಕಿಲ್ಲ, ಗುಳ್ಳೆಯಿಲ್ಲ, ಕಸುಬಿನ ದೃಷ್ಟಿಯಿಂದ ಹೆಸರಿಡುವಂತಿರಲಿಲ್ಲ. ಆದರೆ ಅದರಲ್ಲಿ ನೀರಿರಲಿಲ್ಲ. ನಾಲ್ಕು ದಿನ ನೋಡಿ, ಗೋಡೆಯ ಕಡೆಗೆ ಮುಖ ಮಾಡಿ ಇಟ್ಟುಬಿಟ್ಟೆ.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಈ ಸಲ ಮೊಬೈಲನ್ನು ಚೀಲದಿಂದ ತೆಗೆಯಬಾರದೆಂದು ನಿಶ್ಚಯಿಸಿ, ಒಂದು ನೋಟ್‌ಪುಸ್ತಕವನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಎರಡು ಕಿಲೋ ಹಸಿ ಜೇಡಿಮಣ್ಣನ್ನೂ ಹೊತ್ತುಕೊಂಡಿದ್ದೆ. ನೀರು ಇಳಿದಿತ್ತು, ಬಂಡೆ ಹೆಚ್ಚು ಕಾಣುತ್ತಿತ್ತು. ಮೂರನೆಯದೋ ನಾಲ್ಕನೆಯದೋ ಹಂತದ ಬಳಿ ಎರಡು ಗಂಟೆ ಕುಳಿತೆ. ಬಂಡೆಯ ಮೈಗೆ ಅಂಟಿಕೊಂಡು ಜಾರುವಾಗ ನೀರಿಗೆ ಬಣ್ಣವೇ ಇರುವುದಿಲ್ಲ; ಕಾಣುವುದು ಅದರ ಹಿಂದಿನ ಕಪ್ಪುಕಲ್ಲು ಮಾತ್ರ, ಒಣಗಿದ ಕಲ್ಲಿಗಿಂತ ಇನ್ನಷ್ಟು ಕಪ್ಪಾಗಿ. ಒಂದು ಅಂಚು ಬಂದು ನೀರು ಕಲ್ಲನ್ನು ಬಿಟ್ಟು ಗಾಳಿಗೆ ಬಿದ್ದಾಗ, ಅದರೊಳಗೆ ಗಾಳಿ ಸೇರಿ ಬೆಳಕು ಚದುರುತ್ತದೆ, ಆಗಷ್ಟೇ ಅದು ಬೆಳ್ಳಗಾಗುತ್ತದೆ. ಕೆಳಗಿನ ಗುಂಡಿಯಲ್ಲಿ ನೊರೆ ಆರಿದ ಮೇಲೆ ಮತ್ತೆ ಪಾರದರ್ಶಕ. ಬೀಳುವ ಧಾರೆಯ ಒಂದೇ ಒಂದು ತುಣುಕನ್ನು ಕಣ್ಣಿನಲ್ಲಿ ಹಿಡಿದು ಅದರೊಡನೆ ಕೆಳಗಿಳಿದರೆ, ಅದು ದಾರದಂತೆ ಇಳಿಯದೆ ಬಾಣದ ಮೊನೆಯಂತೆ ಒಡೆದು, ಹಿಂದೆ ಬಾಲ ಬಿಟ್ಟುಕೊಂಡು ಬೀಳುತ್ತದೆ. ರೇಷ್ಮೆ ಎಂಬುದು ಶಟರಿನ ಸೃಷ್ಟಿ, ಬರಿಗಣ್ಣಿಗೆ ಅದು ಕಾಣುವುದಿಲ್ಲ.

ಅಂದರೆ ನಾನು ಮಾಡಬೇಕಾದದ್ದು ಬಂಡೆಯನ್ನು. ಬಂಡೆ ಸರಿಯಾಗಿದ್ದರೆ ನೀರು ಎಲ್ಲಿ ಜಾರಬೇಕು, ಎಲ್ಲಿ ಒಡೆಯಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಕಾಡಿನಿಂದ ಕಲ್ಲನ್ನಾಗಲಿ ಮಣ್ಣನ್ನಾಗಲಿ ತರುವಂತಿಲ್ಲ, ತರಲೂಬಾರದು. ನೀರಿನಿಂದ ಆಚೆಗಿದ್ದ, ಪಾಚಿಯಿಲ್ಲದ ಬಂಡೆಯ ಐದು ಕಡೆ ಹಸಿಮಣ್ಣನ್ನು ಅಂಗೈಯಗಲಕ್ಕೆ ಒತ್ತಿ, ಅದರ ಪದರುಗಳ, ಸೀಳುಗಳ ಅಚ್ಚು ತೆಗೆದುಕೊಂಡು, ಕಲ್ಲಿಗೆ ಅಂಟಿದ್ದ ಮಣ್ಣನ್ನು ತೊಳೆದು ಬಂದೆ. ಈ ಅಚ್ಚು ತಲೆಕೆಳಗು, ಕಲ್ಲಿನ ಉಬ್ಬು ಅದರಲ್ಲಿ ತಗ್ಗಾಗಿರುತ್ತದೆ. ಬೆಂಗಳೂರಿಗೆ ತಂದು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ ಸುಟ್ಟರೆ ಗಟ್ಟಿಯಾದ ಮುದ್ರೆಯಾಗುತ್ತದೆ. ಅದನ್ನು ಹೊಸ ಮಣ್ಣಿಗೆ ಒತ್ತಿದಾಗ ಹಿಡ್ಲುಮನೆಯ ಕಲ್ಲು ಅಳತೆಯಲ್ಲಿ ತುಸು ಕುಗ್ಗಿ ಮರಳಿ ಬರುತ್ತದೆ.

ಆ ರಾತ್ರಿ ಉಳಿದುಕೊಂಡಿದ್ದ ಮನೆಯಲ್ಲಿ ಬಚ್ಚಲೊಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತ ಕುಳಿತಿದ್ದಾಗ ಬೂದಿಯ ರಾಶಿ ಕಣ್ಣಿಗೆ ಬಿತ್ತು. ಕಟ್ಟಿಗೆಯ ಬೂದಿಯಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಹೆಚ್ಚಿನ ಶಾಖದಲ್ಲಿ ಅದು ಗ್ಲೇಜನ್ನು ಕರಗಿಸುವುದಲ್ಲದೆ, ನಿಂತ ಮೈಯ ಮೇಲೆ ಸಣ್ಣಸಣ್ಣ ತೊರೆಗಳಾಗಿ ಹರಿಯುವಂತೆ ಮಾಡುತ್ತದೆ. ಚೀನಾ, ಜಪಾನ್, ಕೊರಿಯಾಗಳ ಕುಂಬಾರರು ಶತಮಾನಗಳಿಂದ ಬಳಸುತ್ತ ಬಂದ ಬೂದಿ ಗ್ಲೇಜ್ ಇದೇ. ಇಷ್ಟು ವರ್ಷ ಇದನ್ನು ಓದಿ ತಿಳಿದಿದ್ದೆನೇ ಹೊರತು ಮಾಡಿ ನೋಡಿರಲಿಲ್ಲ. ಒಂದು ಚೀಲ ಬೂದಿ ಕೊಡುವಿರಾ ಎಂದು ಮನೆಯ ಅಜ್ಜಿಯನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, “ಬೂದಿನಾ? ಬೆಂಗ್ಳೂರಲ್ಲಿ ಪಾತ್ರೆ ತಿಕ್ಕಕ್ಕೆ ಏನೂ ಸಿಗಲ್ವನಾ?” ಎಂದರು. ಆದರೂ ಇದ್ದಿಲು ಆರಿಸಿ ತೆಗೆದು, ಆರು ಕಿಲೋದಷ್ಟನ್ನು ತಾವೇ ತುಂಬಿಸಿ ಕೊಟ್ಟರು.

ಬೂದಿಯನ್ನು ಹಾಗೇ ಬಳಸುವಂತಿಲ್ಲ. ಜರಡಿ ಹಿಡಿದು, ಬಕೆಟ್ಟಿನಲ್ಲಿ ನೀರಿಗೆ ಹಾಕಿ ಕಲಕಿ, ಮರುದಿನ ಮೇಲಿನ ತಿಳಿಯನ್ನು ಚೆಲ್ಲಿ ಮತ್ತೆ ನೀರು ತುಂಬಬೇಕು. ಹೀಗೆ ನಾಲ್ಕು ಸಲ. ಆ ತಿಳಿ ತೀಕ್ಷ್ಣವಾದ ಕ್ಷಾರವಾದ್ದರಿಂದ ಕೈಗೆ ರಬ್ಬರ್ ಗವಸು ಬೇಕೇ ಬೇಕು. ಮೊದಲ ದಿನ ಅಸಡ್ಡೆ ಮಾಡಿ ಬೆರಳ ತುದಿಗಳ ಸಿಪ್ಪೆ ಸುಲಿಸಿಕೊಂಡವರ ಮಾತು ಇದು.

ಮಣ್ಣಿನ ಕೆಲಸದ ಲೆಕ್ಕ ಹೀಗಿತ್ತು. ನಾನು ಬಳಸುವ, ಹೆಚ್ಚಿನ ಶಾಖದಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣು ಒಣಗಿ, ಎರಡು ಸಲ ಬೆಂದ ಮೇಲೆ ಒಟ್ಟು ಶೇಕಡಾ 12ರಷ್ಟು ಕುಗ್ಗುತ್ತದೆ. ಆದ್ದರಿಂದ 48 ಇಂಚಿನ ಫಲಕ ಬೇಕಾದರೆ ಹಸಿಯಲ್ಲಿ 54.5 ಇಂಚು ಇರಬೇಕು. ಲಟ್ಟಣಿಗೆಯಲ್ಲಿ 12 ಮಿಲಿಮೀಟರ್ ದಪ್ಪಕ್ಕೆ ಹಾಳೆ ಮಾಡಿ, ಅದರ ಮೇಲೆ ಬಂಡೆಯ ಮೆಟ್ಟಿಲುಗಳನ್ನು ಕಟ್ಟಿ, ಹಿಡ್ಲುಮನೆಯ ಮುದ್ರೆಗಳನ್ನು ಒತ್ತಿ, ದಪ್ಪವಾದ ಕಡೆಗಳಲ್ಲೆಲ್ಲ ಹಿಂದಿನಿಂದ ಮಣ್ಣನ್ನು ಕೆರೆದು ಟೊಳ್ಳು ಮಾಡಿದೆ. ಇಷ್ಟು ದೊಡ್ಡ ಫಲಕವನ್ನು ಇಡಿಯಾಗಿ ಸುಡಲಾಗುವುದಿಲ್ಲ, ತುಂಡು ಮಾಡಲೇಬೇಕು. ಹಿಂದಿನ ಸಲ ಅಡ್ಡ, ಉದ್ದ ಚೌಕಗಳಾಗಿ ಕತ್ತರಿಸಿದ್ದರಿಂದ ಜಲಪಾತದ ಮೇಲೆ ಸ್ನಾನಗೃಹದ ಟೈಲ್ಸಿನ ಗೆರೆಗಳು ಮೂಡಿದ್ದವು. ಈ ಸಲ ಬಂಡೆಯ ಸೀಳುಗಳ ಗುಂಟವೇ ಚಾಕು ನಡೆಸಿ ಹದಿನೇಳು ಅಂಕುಡೊಂಕಾದ ತುಂಡುಗಳನ್ನು ಮಾಡಿದೆ.

ಒಣಗಿಸುವಾಗ ಅವುಗಳಲ್ಲಿ ಮೂರು ಸೊಟ್ಟಗಾದವು. ಬೆಂಗಳೂರಿನ ಪಾಟರಿ ಟೌನಿನಲ್ಲಿ ಗಣಪತಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಫ್ಯಾನ್ ಹಾಕಿದ್ರಾ?” ಹಾಕಿದ್ದೆ. ಮೇಲಿನ ಮೈ ಬೇಗ ಒಣಗಿ ಕುಗ್ಗಿ, ಕೆಳಗಿನದು ಹಸಿಯಾಗಿಯೇ ಉಳಿದರೆ ಅಂಚುಗಳು ಮೇಲಕ್ಕೆ ಏಳುತ್ತವೆ. ಮತ್ತೆ ಮಾಡಿದ ಮೂರನ್ನು ಎರಡು ಹಲಗೆಗಳ ನಡುವೆ ಹಳೆಯ ದಿನಪತ್ರಿಕೆ ಹಾಸಿಟ್ಟು, ಕಾಗದವನ್ನು ದಿನವೂ ಬದಲಿಸುತ್ತ ಹದಿನೆಂಟು ದಿನ ಒಣಗಿಸಿದೆ.

ಬಂಡೆಯ ಬಣ್ಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಕೊಡಚಾದ್ರಿಯ ಸೀಮೆ ಕಬ್ಬಿಣದ ಅದಿರಿನದು, ಸೆರಾಮಿಕ್‌ನಲ್ಲಿ ಕಪ್ಪು ಮತ್ತು ಕಂದು ಬಣ್ಣಗಳನ್ನು ಕೊಡುವುದೂ ಕಬ್ಬಿಣವೇ. ಗ್ಲೇಜಿಗೆ ಶೇಕಡಾ 8ರಷ್ಟು ಕೆಂಪು ಕಬ್ಬಿಣದ ಆಕ್ಸೈಡ್ ಸೇರಿಸಿದರೆ, ದಪ್ಪವಾಗಿ ನಿಂತ ತಗ್ಗುಗಳಲ್ಲಿ ಅದು ಕಪ್ಪಾಗುತ್ತದೆ, ತೆಳುವಾಗುವ ಅಂಚುಗಳಲ್ಲಿ ತುಕ್ಕಿನ ಕಂದಾಗಿ ಒಡೆಯುತ್ತದೆ. ಒದ್ದೆಯಾದ ಆ ಕಲ್ಲು ಇದ್ದದ್ದೂ ಹಾಗೆಯೇ.

ಕಷ್ಟವಾದದ್ದು ನೀರು. ತೊಳೆದ ಬೂದಿ 45 ಭಾಗ, ಫೆಲ್ಡ್‌ಸ್ಪಾರ್ ಎಂಬ ಖನಿಜದ ಪುಡಿ 25, ಚೀನೀ ಮಣ್ಣು 15, ನನ್ನ ವಿದ್ಯುತ್ ಕಿಲ್ನ್, ಅಂದರೆ ಸುಡುವ ಗೂಡಿನ 1220 ಡಿಗ್ರಿಯ ಶಾಖಕ್ಕೆ ಕರಗಲೆಂದು ಫ್ರಿಟ್ ಎಂಬ ಗಾಜಿನ ಪುಡಿ 15. ಈ ಅಳತೆಗೆ ಬರುವ ಮೊದಲು ಪರೀಕ್ಷೆಗೆಂದು ಇಪ್ಪತ್ತೆರಡು ಮಣ್ಣಿನ ಬಿಲ್ಲೆಗಳನ್ನು ಸುಟ್ಟಿದ್ದೇನೆ. ಮಲಗಿಸಿ ಸುಟ್ಟ ಬಿಲ್ಲೆಯ ಮೇಲೆ ಬೂದಿ ಗ್ಲೇಜ್ ಹೊಳಪಾಗಿ ಸುಮ್ಮನೆ ನಿಲ್ಲುತ್ತದೆ. ಎಲ್ ಆಕಾರದಲ್ಲಿ ಮಡಿಸಿ ನಿಲ್ಲಿಸಿ ಸುಟ್ಟದ್ದರ ಮೇಲೆ ಮಾತ್ರ ಅದು ಕಬ್ಬಿಣದ ಗ್ಲೇಜನ್ನು ಸೀಳಿಕೊಂಡು ಎಳೆಎಳೆಯಾಗಿ, ತುದಿಯಲ್ಲಿ ಹನಿಗಟ್ಟಿ ಇಳಿಯುತ್ತದೆ. ನೀರನ್ನು ಬರೆಯುವ ಕೆಲಸವನ್ನು ಗುರುತ್ವಾಕರ್ಷಣೆಗೇ ಒಪ್ಪಿಸಬೇಕಾದರೆ, ನೀರಿರುವ ತುಂಡುಗಳನ್ನೆಲ್ಲ ಕಿಲ್ನಿನೊಳಗೆ ನಿಲ್ಲಿಸಿಯೇ ಸುಡಬೇಕಿತ್ತು.

ನಿಲ್ಲಿಸಿದೆ. ಮೊದಲ ಸುಡುವಿಕೆಯಲ್ಲಿ ಎರಡು ತುಂಡುಗಳಿಂದ ಗ್ಲೇಜ್ ಇಳಿದು ಕಿಲ್ನಿನ ಹಲಗೆಗೆ ಕಲ್ಲಿನಂತೆ ಕಚ್ಚಿಕೊಂಡಿತು. ಉಳಿಯಿಂದ ಬಿಡಿಸಲು ಹೋಗಿ ತುಂಡೂ ಹೋಯಿತು, ಹಲಗೆಯೂ ಸೀಳಿತು. ಇನ್ನೊಂದು ತುಂಡು ಶಾಖಕ್ಕೆ ಮೆತ್ತಗಾಗಿ, ತನ್ನದೇ ಭಾರಕ್ಕೆ ಹಿಂದಕ್ಕೆ ಬಾಗಿತ್ತು. ಆಮೇಲೆ ಮಾಡಿದ ತಿದ್ದುಪಡಿಗಳು ಮೂರು. ಗ್ರಾಗ್, ಅಂದರೆ ಸುಟ್ಟು ಪುಡಿಮಾಡಿದ ಮಣ್ಣು ಹೆಚ್ಚಿರುವ ಮಿಶ್ರಣದಲ್ಲಿ ಆ ತುಂಡುಗಳನ್ನು ಹೊಸದಾಗಿ ಮಾಡಿದೆ. ನೆಟ್ಟಗೆ ನಿಲ್ಲಿಸದೆ ತುಸು ಓರೆಯಾಗಿ, ಬೆನ್ನಿಗೆ ಆನಿಕೆ ಕೊಟ್ಟು ಇಟ್ಟೆ. ಬೂದಿ ಗ್ಲೇಜನ್ನು ಮೇಲಿನ ಮೂರನೇ ಒಂದು ಭಾಗಕ್ಕಷ್ಟೇ ದಪ್ಪವಾಗಿ ಬಳಿದು, ಬುಡದಲ್ಲಿ ಎರಡು ಸೆಂಟಿಮೀಟರ್ ಬರಿದಾಗಿ ಬಿಟ್ಟು, ಕೆಳಗೆ, ಗ್ಲೇಜ್ ಕಚ್ಚದಂತೆ ಅಲ್ಯುಮಿನಾ ಬಳಿದ ಮಣ್ಣಿನ ತಟ್ಟೆಯೊಂದನ್ನು ಇರಿಸಿದೆ. ಬಿಳಿಯನ್ನು ತವರದ ಆಕ್ಸೈಡ್ ಸೇರಿಸಿದ ಗ್ಲೇಜಿನಲ್ಲಿ ಕೊಟ್ಟದ್ದು ನಾಲ್ಕೇ ಕಡೆ, ನೀರು ಕಲ್ಲನ್ನು ಬಿಡುವ ಅಂಚುಗಳಲ್ಲಿ. ಉಳಿದೆಡೆ ಬಿಳಿ ಹಾಕಲು ಕೈ ತುರಿಸುತ್ತಿತ್ತು, ತಡೆದುಕೊಂಡೆ.

ಏಪ್ರಿಲ್ ಕೊನೆಯಲ್ಲಿ ಕೊನೆಯ ಸುಡುವಿಕೆ. ಕಿಲ್ನ್ ಆರಲು ಒಂದೂವರೆ ದಿನ ಕಾಯಬೇಕು, ಬಿಸಿಯಿರುವಾಗ ತೆರೆದರೆ ತಣ್ಣನೆಯ ಗಾಳಿ ತಾಗಿ ಬಿರುಕು ಬಿಡುತ್ತದೆ. ತೆರೆದಾಗ ಮೇಲಿನ ಹಂತದ ತುಂಡಿನಲ್ಲಿ ಬೂದಿಯ ಎಳೆಗಳು ಮುದ್ರೆಯ ಒಂದು ಸೀಳಿಗೆ ಸಿಕ್ಕಿ, ಎಡಕ್ಕೆ ಹೊರಳಿ, ಅಂಚಿನ ಬಿಳಿಯನ್ನು ಸೇರಿದ ಕಡೆ ಬಾಣದ ಮೊನೆಗಳಾಗಿ ಒಡೆದಿದ್ದವು. ಅದನ್ನು ನಾನು ಬರೆದಿರಲಿಲ್ಲ. ಕೆಳಗಿನ ಗುಂಡಿಯ ತುಂಡನ್ನು ಮಾತ್ರ ಬಿಳಿ ಸ್ಲಿಪ್, ಅಂದರೆ ನೀರಾಗಿ ಕಲಸಿದ ಬಿಳಿ ಮಣ್ಣಿನ ಲೇಪದ ಮೇಲೆ, ಮಲಗಿಸಿಯೇ ಸುಟ್ಟಿದ್ದೆ. ಅಲ್ಲಿ ಬೂದಿ ಗ್ಲೇಜ್ ಮಡುಗಟ್ಟಿ, ತಿಳಿಹಸಿರು ಗಾಜಾಗಿ, ಮೈತುಂಬ ಕೂದಲೆಳೆಯ ಬಿರುಕು ಬಿಟ್ಟಿತ್ತು. ಊಟದ ತಟ್ಟೆಯಲ್ಲಿ ಅದು ದೋಷ, ಗೋಡೆಯ ಮೇಲಿನ ಮಡುವಿಗೆ ನಡೆಯುತ್ತದೆ.

ಹದಿನೇಳು ತುಂಡುಗಳೂ ಸೇರಿ ತೂಕ ಸುಮಾರು 18 ಕಿಲೋ. ಸಿಮೆಂಟ್ ಹಲಗೆಗೆ ಎಪಾಕ್ಸಿಯಿಂದ ಅಂಟಿಸಿ, ಹಲಗೆಯನ್ನು ಗೋಡೆಗೆ ತಿರುಪಿನಿಂದ ಬಿಗಿದೆವು. ಸೀಳುಗಳಿಗೆ ಗ್ರೌಟ್ ತುಂಬಲಿಲ್ಲ. ಮೆಟ್ಟಿಲ ಮೇಲಿನ ಕಿಟಕಿಯಿಂದ ಬೆಳಿಗ್ಗೆ ಹತ್ತರ ಹೊತ್ತಿಗೆ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಬೂದಿಯ ಎಳೆಗಳು ಎದ್ದು ಕಾಣುತ್ತವೆ. ಸಂಜೆ ಅದು ಬರೀ ಕಪ್ಪು ಬಂಡೆ. ಮನೆಯವರು ಮೇಲೊಂದು ದೀಪ ಹಾಕಿಸಲೇ ಎಂದು ಕೇಳಿದರು, ಬೇಡವೆಂದೆ.

ತೊಳೆದು ಒಣಗಿಸಿದ ಬೂದಿ ಇನ್ನೂ ಒಂದು ಕಿಲೋ ಉಳಿದಿದೆ, ಡಬ್ಬಿಯ ಮೇಲೆ ‘ನಿಟ್ಟೂರು, ಬಚ್ಚಲೊಲೆ’ ಎಂದು ಚೀಟಿ ಅಂಟಿಸಿದ್ದೇನೆ. ಅದು ಮುಗಿದ ಮೇಲೆ ಬೇರೆ ಒಲೆಯ ಬೂದಿ ಇದೇ ಅಳತೆಗೆ ಹೊಂದುತ್ತದೆಂಬ ನಂಬಿಕೆ ನನಗಿಲ್ಲ. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೆಚ್ಚು, ಅದು ಇಷ್ಟು ಹರಿಯುವುದೂ ಇಲ್ಲ. ಬರುವ ಅಕ್ಟೋಬರಿನಲ್ಲಿ ಅಜ್ಜಿಯ ಮನೆಗೆ ಹೋಗುವಾಗ ಮೊದಲ ಸುಡುವಿಕೆಯಲ್ಲಿ ಬಾಗಿದ ಆ ತುಂಡನ್ನು ಕೊಂಡೊಯ್ಯಬೇಕೆಂದಿದ್ದೇನೆ, ಅವರ ಬೂದಿ ಏನಾಯಿತೆಂದು ತೋರಿಸಲು. ಎರಡು ಖಾಲಿ ಚೀಲಗಳನ್ನೂ ಜೊತೆಗಿಟ್ಟುಕೊಳ್ಳುತ್ತೇನೆ.