ಹಿಡಿಯ ಬಾಯಲ್ಲಿ ಕಳೆದುಹೋಗುತ್ತಿದ್ದ ಕ್ಷಣ

2024ರ ಲೋಕಸಭಾ ಚುನಾವಣೆಗೆ ಮುನ್ನ, ಮೂಡಿಗೆರೆ ಕಡೆಯ ಹಲವು ಬೆಳೆಗಾರರಂತೆ ನಾನೂ ನನ್ನ ಪಿಸ್ತೂಲನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ಅದು ಮರಳಿ ಕೈಸೇರಿದ್ದು ಫಲಿತಾಂಶ ಬಂದ ಮೇಲೆ, ಜೂನ್‌ನಲ್ಲಿ. ಓಡಾಡುತ್ತ, ಬೇಗಬೇಗ ಗುರಿಗಳಿಗೆ ಗುಂಡು ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ನನ್ನನ್ನು ಬಹುಕಾಲ ಕಾಡಿದ್ದ ಕೊರತೆ ನೀಗಿದ್ದು ಪಿಸ್ತೂಲು ಇಲ್ಲದ ಆ ದಿನಗಳಲ್ಲಿಯೇ.

ಈ ಕ್ರೀಡೆಯಲ್ಲಿ ಗಳಿಸಿದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಖಾಲಿಯಾದ ಮ್ಯಾಗಜಿನ್ (ಪಿಸ್ತೂಲಿನ ಗುಂಡುಗಳ ಡಬ್ಬಿ) ಬದಲಿಸಲು ನನಗೆ ಮೂರು ಸೆಕೆಂಡು ಹಿಡಿಯುತ್ತಿತ್ತು. ಕೈ ನಿಧಾನವೆಂದೇ ನಂಬಿ ವರ್ಷವಿಡೀ ಕೈಯನ್ನು ದಂಡಿಸಿದ್ದೆ. ಮೊಬೈಲಿನಲ್ಲಿ ಚಿತ್ರಿಸಿ ನಿಧಾನಗತಿಯಲ್ಲಿ ನೋಡಿದಾಗ ಬೇರೆಯೇ ಕಂಡಿತು. ಬೆಲ್ಟಿನಿಂದ ಮ್ಯಾಗಜಿನ್ ಚುರುಕಾಗಿಯೇ ಬರುತ್ತಿತ್ತು; ಪಿಸ್ತೂಲಿನ ಹಿಡಿಯ ಬಾಯಿಗೆ, ಅಂದರೆ ಮ್ಯಾಗಜಿನ್ ಒಳಸೇರುವ ಕೆಳಗಿನ ತೆರಪಿಗೆ, ಬಂದು ಅಂಚಿಗೆ ತಗುಲಿ ತಡವರಿಸುತ್ತಿತ್ತು. ಪಿಸ್ತೂಲು ಹೊಟ್ಟೆಯ ಮಟ್ಟಕ್ಕೆ ಇಳಿದಿರುತ್ತಿತ್ತು, ಕಣ್ಣು ಮಾತ್ರ ಗುರಿಹಲಗೆಯ ಮೇಲೆ.

ಬಡಗಿಯಿಂದ ಸಿಲ್ವರ್ ಓಕ್ ತುಂಡಿನಲ್ಲಿ ಟೊಳ್ಳು ಹಿಡಿಯೊಂದನ್ನೂ ಮ್ಯಾಗಜಿನ್ ಅಳತೆಯ ಪಟ್ಟಿಗಳನ್ನೂ ಮಾಡಿಸಿದೆ. ಕಾಫಿ ಮಾರಿ ಬರಿದಾಗಿದ್ದ ಗೋಡೌನಿನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಅಭ್ಯಾಸ. ಹಿಡಿ ಗಲ್ಲದ ಎತ್ತರದಲ್ಲಿರಬೇಕು, ಅದರ ಬಾಯಿ ಕಣ್ಣಿಗೆ ಕಾಣುವಷ್ಟು ತಿರುಗಿರಬೇಕು. ಎಡಗೈಯ ತೋರುಬೆರಳು ಮ್ಯಾಗಜಿನ್ನಿನ ಮುಂಬದಿಗೆ ಒರಗಿ, ತುದಿ ಮೇಲಿನ ಗುಂಡಿನ ಮೂತಿಯನ್ನು ಮುಟ್ಟಿರಬೇಕು. ಆಗ ಬೆರಳು ತೋರಿದತ್ತ ಮ್ಯಾಗಜಿನ್ ಹೋಗುತ್ತದೆ. ಮೊದಲ ಮೂರು ವಾರ ನಾನು ಒಳಗೆ ತಳ್ಳಲೇ ಇಲ್ಲ. ಬಾಯಿಯ ಅಂಚಿಗೆ ತಂದು, ನಿಲ್ಲಿಸಿ, ನೇರವಾಗಿದೆಯೇ ಎಂದು ನೋಡಿ ಹಿಂದಕ್ಕೆ ತೆಗೆಯುತ್ತಿದ್ದೆ. ಯಾರಾದರೂ ನನ್ನನ್ನು ಕೇಳಿದರೆ ಈ ಅರ್ಧ ಅಭ್ಯಾಸವನ್ನೇ ಮೊದಲು ಹೇಳುತ್ತೇನೆ. ತಳ್ಳುವುದು ಸುಲಭ, ಅಂಗೈಯ ಬುಡದಿಂದ ಒಂದು ಗಟ್ಟಿ ಒತ್ತು ಸಾಕು.

ಜೂನ್‌ನ ಮಳೆಯಲ್ಲಿ ನಿಜವಾದ ಪಿಸ್ತೂಲಿನೊಂದಿಗೆ ಅದನ್ನೇ ಮುಂದುವರಿಸಿದೆ. ಗುಂಡುಗಳಿಗೆ ಬೇರೆ ಕೋಣೆಯಲ್ಲಿ ಬೀಗ, ಮ್ಯಾಗಜಿನ್ನಿನಲ್ಲಿ ಡಮ್ಮಿ ಗುಂಡು, ಕೆಳಗೆ ಬಿದ್ದದ್ದು ಜಜ್ಜದಂತೆ ನೆಲಕ್ಕೆ ಗೋಣಿಚೀಲ. ಬದಲಿಸುವಾಗ ಬೆರಳು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆಯ) ಹೊರಗೇ ಇರಬೇಕು. ಒಳಗಿದ್ದರೆ ಸ್ಪರ್ಧೆಯಿಂದಲೇ ಅನರ್ಹರಾಗುತ್ತೇವೆ. ಮನೆಯಲ್ಲಿಯೂ ಈ ನಿಯಮವನ್ನು ಒಮ್ಮೆಯೂ ಸಡಿಲಿಸಿಲ್ಲ.

ಎರಡು ಸೆಕೆಂಡಿಗಿಂತ ಕಡಿಮೆಗೆ ಇಳಿದಾಗ ಹೊಸ ತಪ್ಪು ಕಾಣಿಸಿಕೊಂಡಿತು. ಉಳಿಸಿದ ಸಮಯದ ಉತ್ಸಾಹದಲ್ಲಿ ಮುಂದಿನ ಮೊದಲ ಗುಂಡನ್ನು ಅವಸರಪಟ್ಟು ಹಾರಿಸುತ್ತಿದ್ದೆ. ಮೈನರ್ ಎಣಿಕೆಯಲ್ಲಿ (ಕಡಿಮೆ ಶಕ್ತಿಯ ಗುಂಡುಗಳಿಗಿರುವ ಲೆಕ್ಕ) ಗುರಿಹಲಗೆಯ ನಡುವಿನ ಎ ವಲಯಕ್ಕೆ ಐದು ಅಂಕ, ಅದರ ಹೊರಗಿನ ಸಿ ವಲಯಕ್ಕೆ ಮೂರು. ಸೆಕೆಂಡಿಗೆ ಐದು ಅಂಕ ಗಳಿಸುವ ಸುತ್ತಿನಲ್ಲಿ ಆ ಎರಡು ಅಂಕಗಳ ಬೆಲೆ 0.4 ಸೆಕೆಂಡು. ಹಾಗಾಗಿ ಈಗ ಮ್ಯಾಗಜಿನ್ ಸೇರಿದೊಡನೆ ಅಭ್ಯಾಸ ಮುಗಿಸುವುದಿಲ್ಲ. ಎರಡೂ ಕೈಗಳ ಹಿಡಿತ ಕೂಡಿ, ಸೈಟ್ (ಗುರಿ ನೋಡುವ ಗುರುತು) ಗುರಿಯ ನಡುವೆ ನಿಂತ ಮೇಲೆಯೇ ಒಂದು ಸಲವೆಂದು ಲೆಕ್ಕ.

ಎಡಕ್ಕೆ ಓಡುತ್ತ ಬದಲಿಸುವುದು ಇನ್ನೂ ಒಲಿದಿಲ್ಲ. ನಾನು ಬಲಗೈಯವನಾದ್ದರಿಂದ ದೇಹದೊಂದಿಗೆ ನಳಿಗೆಯೂ ಎಡಕ್ಕೆ ಎಳೆಯುತ್ತದೆ, ನಳಿಗೆ ಮುಂದಿನ ದಿಕ್ಕಿನಿಂದ ಪಕ್ಕಕ್ಕೆ ತಿರುಗಬಹುದಾದ 90 ಡಿಗ್ರಿಯ ಮಿತಿ ದಾಟುವ ಅಪಾಯವಿದೆ. ಗೋಡೌನಿನ ಎದುರು ಗೋಡೆಗೆ ಮೊಳೆ ಹೊಡೆದು ಕೆಂಪು ಬಟ್ಟೆ ಕಟ್ಟಿದ್ದೇನೆ. ಸದ್ಯಕ್ಕೆ ಓಟವಿಲ್ಲ, ನಳಿಗೆಯನ್ನು ಆ ಬಟ್ಟೆಯತ್ತಲೇ ಇಟ್ಟು ಎಡಕ್ಕೆ ನಡೆಯುತ್ತಿದ್ದೇನೆ.